ಹಿಂದಿನ ಅಚ್ಚಿನ ಮೇಲಿನ ಸೀಟು

ನಮ್ಮ ಮನೆಯ ಈಳಿಗೆ ಹಿಂದಿನ ಜನ್ಮದಲ್ಲಿ ಒಂದು ಜೀಪಿನ ಪಾಟಾ ಆಗಿತ್ತು. ಪಾಟಾ ಗೊತ್ತಲ್ಲ? ಗಾಡಿಯ ಕೆಳಗೆ, ಗಾಲಿಯ ಹತ್ತಿರ, ಒಂದರ ಮೇಲೊಂದು ಪೇರಿಸಿ ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳು. ಗಾಡಿ ತೆಗ್ಗಿಗೆ ಬಿದ್ದಾಗ ನಮ್ಮ ಬದಲು ಏಟು ತಿನ್ನಬೇಕಾದವು ಅವು. ತಿನ್ನುತ್ತವೆಯೋ ಇಲ್ಲವೋ ಅದು ಬೇರೆ ಮಾತು. ಮುರಿದ ಪಾಟಾವನ್ನು ನಮ್ಮ ಕಡೆ ಯಾರೂ ಎಸೆಯುವುದಿಲ್ಲ. ಕಮ್ಮಾರನ ಕುಲುಮೆಗೆ ಹೋಗಿ ಅದು ಕುಡುಗೋಲಾಗುತ್ತದೆ, ಕಬ್ಬು ಕಡಿಯುವ ಕೊಯ್ತಾ ಆಗುತ್ತದೆ, ಹಣೆಬರಹ ನೆಟ್ಟಗಿಲ್ಲದಿದ್ದರೆ ನನ್ನ ಕೈಗೆ ಸಿಕ್ಕು ಈಳಿಗೆಯಾಗುತ್ತದೆ.

ನಿನ್ನೆ ಅದರ ಮುಂದೆ ಕುಳಿತು ಕುಂಬಳಕಾಯಿ ಹೆಚ್ಚುವಾಗ ಸೊಂಟದಲ್ಲಿ ಛಳಕ್ ಎಂದಿತು. ಶಿವಶಿವಾ ಎಂದು ಕೂಗಿಕೊಂಡೆ. ಹೊರಗೆ ಪೇಪರು ಓದುತ್ತಿದ್ದ ನಮ್ಮವರು ಕುಳಿತಲ್ಲಿಂದಲೇ ಕೇಳಿದರು.

"ಬೆರಳ ಕೊಯ್ಕೊಂಡ್ಯೇನು?"

"ಬೆರಳಲ್ರೀ, ನಡಾ ಹಿಡೀತು."

"ಈಳಗಿ ಮುಂದ ಕುಂತ್ರ ನಡಾ ಯಾಕ ಹಿಡೀತದ?"

ಯಾಕೆ ಹಿಡಿಯುತ್ತದೆ ಎಂದು ವಿವರಿಸಲು ಹೋದರೆ ಅಂದಿನ ಪಲ್ಯ ಆಗುವುದಿಲ್ಲ. ಆದ್ದರಿಂದ ಅವರಿಗೆ ಹೇಳದೆ ನಿಮಗೆ ಹೇಳುತ್ತಿದ್ದೇನೆ. ನನ್ನ ನಡಕ್ಕೂ ಪಾಟಾಕ್ಕೂ ಹದಿನಾಲ್ಕು ವರ್ಷದ ಹಗೆ.

ನಾನು ಬೀದರ ಕಡೆಯವಳು, ಗಡಿಯಾಚೆಯ ಉಮರ್ಗಾಕ್ಕೆ ಸೊಸೆಯಾಗಿ ಬಂದವಳು. ಕೆಲಸ ಸಿಕ್ಕಿದ್ದು ನಿಲಂಗಾದ ಒಂದು ಶಾಲೆಯಲ್ಲಿ. ಹದಿನಾಲ್ಕು ವರ್ಷ ದಿನವೂ ದಸ್ತಗೀರ ಮಿಸ್ತ್ರಿಯ ಜೀಪಿನಲ್ಲಿ ಹೋಗಿ ಬಂದೆ. ಬೆಳಿಗ್ಗೆ ಒಂದು ಟ್ರಿಪ್ಪು, ಸಂಜೆ ಒಂದು. ನಡುವಿನ ಹೊತ್ತೆಲ್ಲ ಅವನು ಹೆದ್ದಾರಿ ಬದಿಯ ತನ್ನ ಗ್ಯಾರೇಜಿನಲ್ಲಿ ಊರಿನವರ ಗಾಡಿಗಳ ಕೆಳಗೆ ಮಲಗಿರುತ್ತಿದ್ದ. ಹತ್ತು ಜನ ಕೂಡುವ ಆ ಜೀಪಿನಲ್ಲಿ ಹದಿನಾರು ಜನ ಇರುತ್ತಿದ್ದೆವು. ಹದಿನಾರರಲ್ಲಿ ನನ್ನ ಜಾಗ ಮಾತ್ರ ಗಟ್ಟಿ: ಹಿಂದಿನ ಅಚ್ಚಿನ ನೇರ ಮೇಲೆ, ಅಡ್ಡ ಬೆಂಚಿನ ತುದಿ. ಯಾರೂ ಅದಕ್ಕೆ ಪೈಪೋಟಿ ಮಾಡುತ್ತಿರಲಿಲ್ಲ.

ಮುಂದಿನ ಸೀಟು ಇರಲಿಲ್ಲವೇ ಎನ್ನುತ್ತೀರಿ. ಇತ್ತು, ಅದು ಅಯ್ಯನವರದು. ನಮ್ಮವರು ಜಂಗಮರು, ಊರಿಗೆಲ್ಲ ಅಯ್ಯನವರು. ಕೂಸಿಗೆ ಲಿಂಗ ಕಟ್ಟುವುದಿರಲಿ, ಮದುವೆ ಇರಲಿ, ಹೊಸ ಮನೆಯ ಶಾಂತಿ ಇರಲಿ, ಸುತ್ತಿನ ಮನೆತನಗಳಿಗೆ ಇವರೇ ಬೇಕು. ಅಯ್ಯನವರನ್ನು ಹಿಂದೆ ಕೂಡಿಸುವುದೆಂದರೆ ನಮ್ಮ ಕಡೆ ಪಾಪ. ಮುಂದೆ ಕೂಡಿಸಿದರೆ ಗಾಡಿ ಪಂಕ್ಚರ್ ಆಗುವುದಿಲ್ಲ ಎಂಬ ನಂಬಿಕೆ ಬೇರೆ. ದಸ್ತಗೀರನೂ ಇದನ್ನು ಪೂರ್ತಿ ನಂಬುತ್ತಿದ್ದ. ಪಾದಪೂಜೆಗೆಂದು ಭಕ್ತರು ನಮ್ಮಿಬ್ಬರನ್ನೂ ಕರೆದಾಗ ಇವರು ವಿಭೂತಿ ಧರಿಸಿ ಮುಂದೆ ಕೂಡುತ್ತಿದ್ದರು, ನಾನು ರೇಷ್ಮೆ ಸೀರೆ ಉಟ್ಟು ಹಿಂದೆ ಹಾರುತ್ತಿದ್ದೆ. ಹೀಗಾಗಿ ಅಚ್ಚುಗಳ ವಿದ್ಯೆ ನನಗೆ ಕೆಳಗಿನಿಂದ ಮೇಲಕ್ಕೆ ಏರಿ ಬಂತು.

ಹಾಗೆ ನೋಡಿದರೆ ಈ ವಿದ್ಯೆಯ ಓನಾಮ ತವರಿನಲ್ಲೇ ಆಗಿತ್ತು. ಅಜ್ಜಿಯ ಊರಿಗೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದೆವು. ಎತ್ತಿನ ಗಾಡಿಗೆ ಒಂದೇ ಅಚ್ಚು, ಎರಡು ಗಾಲಿ, ನಡುವೆ ದೇವರೇ ಗತಿ. ಪಾಟಾ ಇಲ್ಲ, ಸ್ಪ್ರಿಂಗ್ ಇಲ್ಲ. ಅವ್ವ ಒಂದು ಮೊಳ ಹುಲ್ಲು ಹಾಸಿ ಮೇಲೆ ನಾಲ್ಕು ಕೌದಿ ಹಾಕುತ್ತಿದ್ದಳು. ನಾವು ಆರು ಮಕ್ಕಳು ಅದರ ಮೇಲೆ ಉರುಳಾಡಿ, ಒಬ್ಬರ ತಲೆ ಒಬ್ಬರಿಗೆ ಬಡಿದು, ಅಜ್ಜಿಯ ಊರು ಬರುವಷ್ಟರಲ್ಲಿ ಎಲ್ಲರಿಗೂ ಬುಗುಟಿ ಎದ್ದಿರುತ್ತಿದ್ದವು. ಅಜ್ಜಿ ಮೊದಲು ಬುಗುಟಿ ಎಣಿಸಿ ಆಮೇಲೆ ಉಂಡಿ ಕೊಡುತ್ತಿದ್ದಳು. ಬುಗುಟಿ ಇಲ್ಲದವರಿಗೆ ಒಂದು ಉಂಡಿ ಕಡಿಮೆ. ಅದಕ್ಕಾಗಿ ನಾನು ಕೊನೆಯ ತಿರುವಿನಲ್ಲಿ ಬೇಕೆಂದೇ ಗಾಡಿಯ ಗೂಟಕ್ಕೆ ಹಣೆ ಕೊಟ್ಟದ್ದುಂಟು.

ಇರಲಿ, ಜೀಪಿಗೆ ಬರುತ್ತೇನೆ. ಒಂದು ದಿನ ನಿಲಂಗಾ ಹಾದಿಯಲ್ಲಿ ಪಾಟಾ ಮುರಿಯಿತು. ಎಲ್ಲರೂ ಬೇವಿನ ಗಿಡದ ಕೆಳಗೆ ಕುಳಿತರು. ನಾನು ಮಾತ್ರ ಸೆರಗು ಸಿಕ್ಕಿಸಿ ಜೀಪಿನ ಕೆಳಗೆ ಬಗ್ಗಿ ನೋಡಿದೆ. ಇಷ್ಟು ದಿನ ನನ್ನನ್ನು ಹೊಡೆದವರು ಯಾರು ಎಂದು ತಿಳಿಯಬೇಕಿತ್ತು. ಶಾಲೆಯ ಬಾಯಿ ಗಾಡಿಯ ಕೆಳಗೆ ಇಣುಕಿದ್ದು ಕಂಡು ದಸ್ತಗೀರನಿಗೆ ಪರಮಾನಂದವಾಯಿತು. ನಮ್ಮ ಕಡೆ ಶಿಕ್ಷಕಿಗೆ ಬಾಯಿ ಎನ್ನುತ್ತಾರೆ. ಪಾಠ ಮಾಡುವವಳಿಗೇ ಪಾಠ ಹೇಳುವ ಯೋಗ ಎಷ್ಟು ಜನರಿಗೆ ಸಿಗುತ್ತದೆ?

"ನೋಡ್ರಿ ಬಾಯಿ, ಈ ಗಾಲಿಯಿಂದ ಆ ಗಾಲಿ ತನಕ ಒಂದೇ ಗಟ್ಟಿ ಅಚ್ಚು ಅದ. ಇದು ಕೂಡಿದ ಕುಟುಂಬ. ಎಡಗಡಿ ಗಾಲಿ ಕಲ್ಲ ಹತ್ತಿದ್ರ ಬಲಗಡಿದೂ ವಾಲಬೇಕು. ಒಬ್ಬಗ ನೆಗಡಿ ಬಂದ್ರ ಮನಿಮಂದೆಲ್ಲ ಸೀನಬೇಕು."

"ಮತ್ತ ಆ ಸಣ್ಣ ಕಾರಿಂದು?"

"ಅದರದು ಮುಂದಿನ ಗಾಲಿ ವಾಟ್ನಿ ಆಗ್ಯಾವ್ರಿ. ಇಂವನ ಒಲಿ ಇಂವಂದು, ಅಂವನ ಒಲಿ ಅಂವಂದು. ಒಂದು ತೆಗ್ಗಿಗಿ ಬಿದ್ರ ಇನ್ನೊಂದಕ್ಕ ಸುದ್ದೀನೇ ಇಲ್ಲ. ಕೂತಾವ್ರಿಗಿ ಆರಾಮ. ಆದ್ರ ಭಾರ ಹೇರಂಗಿಲ್ಲ. ಭಾರ ಹೊರಬೇಕಂದ್ರ ಕೂಡಿದ ಕುಟುಂಬನೇ ಬೇಕು."

ಅಣ್ಣತಮ್ಮಂದಿರ ಪಾಲಿಗೆ ನಾವು ವಾಟ್ನಿ ಎನ್ನುವುದು. ಆಮೇಲಾಮೇಲೆ ನನ್ನ ತಿಳಿವಳಿಕೆ ಹೆಚ್ಚಿತು. ಇಂಜಿನ್ನಿನ ಶಕ್ತಿಯನ್ನು ಗಾಲಿಗೆ ಮುಟ್ಟಿಸುವುದು ದುಡಿಯುವ ಅಚ್ಚು, ಬರೀ ಭಾರ ಹೊತ್ತು ಹಿಂದೆ ಉರುಳುವುದು ಹೊರುವ ಅಚ್ಚು. ಮನೆಯಲ್ಲಿ ಎರಡೂ ಆಗಿರುವವರು ಯಾರು ಎಂದು ನಮ್ಮವರನ್ನು ಕೇಳಿದೆ. ಅವರಿಗೆ ಕೂಡಲೇ ಪೂಜೆಯ ಹೊತ್ತಾಯಿತು. ಈಚಿನ ಕೆಲವು ಕಾರುಗಳಲ್ಲಿ ಹಿಂದಿನ ಗಾಲಿಗಳದು ಅರ್ಧ ವಾಟ್ನಿಯಂತೆ: ನಡುವೆ ಒಂದು ತಿರುಚಿಕೊಳ್ಳುವ ಪಟ್ಟಿ, ಒಲೆ ಬೇರೆ ಅಂಗಳ ಒಂದೇ. ಈಗಿನ ದೊಡ್ಡ ಲಾರಿಗಳಲ್ಲಿ ಇನ್ನೊಂದು ಮೋಜು, ನೆಲ ಮುಟ್ಟದೆ ಅಂತರದಲ್ಲಿ ತೂಗುವ ಗಾಲಿಗಳು. ಮಾಲು ತುಂಬಿದಾಗ ಮಾತ್ರ ಇಳಿದು ಕೈಜೋಡಿಸುತ್ತವೆ. ಹಬ್ಬಕ್ಕೆ ಬರುವ ಅಳಿಯಂದಿರು ಇದಕ್ಕೆ ಸರಿಯಾಗಿ ತಿರುವುಮುರುವು ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

ಅತ್ತೆಯ ಮಾತು ಬಂತು. ಇಷ್ಟೆಲ್ಲ ಸುತ್ತಿ ಬಂದದ್ದು ಅವರ ಸಲುವಾಗಿಯೇ.

ತೊಂಬತ್ಮೂರರಲ್ಲಿ ನಮ್ಮ ಭಾಗದಲ್ಲಿ ಭೂಕಂಪವಾದಾಗ ಅತ್ತೆ ಮಾವ ಮಾಕಣಿ ಕಡೆಯ ನಮ್ಮ ಹಳ್ಳಿಯಲ್ಲಿದ್ದರು. ಕಲ್ಲು ಮಣ್ಣಿನ ಮನೆ, ಎರಡು ಮೊಳ ದಪ್ಪದ ಗೋಡೆ. ಅತ್ತೆಯನ್ನು ಜನ ಎಳೆದು ಹೊರತೆಗೆದರು. ಮಾವ ಅದರ ಅಡಿಯಲ್ಲೇ ಹೋದರು. ಇದರ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಪರಿಹಾರದ ಸಾಮಾನು ತಂದಿದ್ದ ಒಂದು ಟ್ರಕ್ಕಿನಲ್ಲಿ ಅತ್ತೆಯನ್ನು ಉಮರ್ಗಾಕ್ಕೆ ಕರೆತಂದೆವು. ಆ ಟ್ರಕ್ಕಿನಿಂದ ಇಳಿದವರು ಮತ್ತೆ ಮೂರು ವರ್ಷ ಯಾವ ಗಾಡಿಯನ್ನೂ ಹತ್ತಲಿಲ್ಲ. ಕೂತ ಜಾಗ ಅಲುಗಿದರೆ ಅವರ ಕೈಕಾಲು ತಣ್ಣಗಾಗುತ್ತಿದ್ದವು. ನಮ್ಮ ಅಂಗಳದ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದರು, ಮಠಕ್ಕೆ ನಡೆದು ಹೋಗಿ ನಡೆದು ಬರುತ್ತಿದ್ದರು. ಉಳಿದಂತೆ ಬಾಯಿ ಮೊದಲಿನಷ್ಟೇ ಚುರುಕು. ನಾನು ಸಾರಿಗೆ ಉಪ್ಪು ಮರೆತರೆ ಮೂರು ಮನೆಗೆ ಕೇಳುತ್ತಿತ್ತು.

ಹೀಗಿರುವಾಗ ಉದಗೀರಕ್ಕೆ ಕೊಟ್ಟಿದ್ದ ನನ್ನ ನಾದಿನಿ ಗಂಗಾ ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಏಳನೆಯ ತಿಂಗಳಲ್ಲಿ ಡಾಕ್ಟರರು, ಕೂಸು ಕೆಳಗೆ ಇಳಿದಿದೆ, ಈ ರಸ್ತೆಯಲ್ಲಿ ಎಲ್ಲಿಗೂ ಕಳಿಸಕೂಡದು ಎಂದುಬಿಟ್ಟರು. ಮಗಳು ಬರುವಂತಿಲ್ಲ, ತಾಯಿ ಹೋಗುವಂತಿಲ್ಲ. ಗಂಗಾ ನಮ್ಮ ಎದುರಿನ ಎಸ್‌ಟಿಡಿ ಬೂತಿಗೆ ಫೋನು ಮಾಡಿದಳು.

"ವೈನಿ, ಅವ್ವ ಬರ್ತಾಳೋ ಇಲ್ಲೋ ಇಷ್ಟ ಹೇಳು."

"ಬರ್ತಾರ ತಗೋ. ನೋಡೋಣಂತ."

"ನೋಡೋದಿಲ್ಲ ಗೀಡೋದಿಲ್ಲ. ಒಂಬತ್ತರಾಗ ಬಿದ್ದ ಮ್ಯಾಲ ಎರಡನೇ ಸೋಮವಾರ ತನಕ ಹಾದಿ ನೋಡ್ತೀನಿ. ಅವ್ವ ಬರ್ಲಿಲ್ಲಂದ್ರ ನಾನೇ ಎಸ್‌.ಟಿ. ಬಸ್ಸ ಹತ್ತಿ ಬರ್ತೀನಿ. ಆಕಿ ಇಲ್ದ ನಾ ದವಾಖಾನಿ ಮೆಟ್ಲ ಹತ್ತಂಗಿಲ್ಲ."

ಗಂಗಾ ಅಂದಳೆಂದರೆ ಮಾಡುವವಳೇ. ತಾಯಿಯ ರಕ್ತ. ಆ ರಸ್ತೆ ಏನು ಮಾಡುತ್ತದೆ ಎಂದು ನನ್ನ ಸೊಂಟಕ್ಕಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆ ತುಂಬು ಬಸುರಿ ಅದರ ಮೇಲೆ ಬರಕೂಡದು.

ನಾನು ನೇರ ಗ್ಯಾರೇಜಿಗೆ ಹೋದೆ.

"ಮಿಸ್ತ್ರಿ, ಅಳ್ಳಾಡದ ಗಾಡಿ ಬೇಕು."

"ಅಳ್ಳಾಡದ ಗಾಡಿ ಅಂದ್ರ ಕೆಟ್ಟು ನಿಂತ ಗಾಡಿ ಒಂದೇ ನೋಡ್ರಿ ಬಾಯಿ," ಎಂದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಅಮ್ಮಾರ ಸಲುವಾಗಿ ಏನು? ತಡೀರಿ. ಗ್ಯಾರೇಜಿಗಿ ಬರೋ ಎಲ್ಲಾ ಗಾಡಿ ತೂಗಿ ನೋಡೋಣು."

ಅಂದಿನಿಂದ ಪ್ರತಿ ರವಿವಾರ ನಮ್ಮ ಪರೀಕ್ಷೆಗಳು ಶುರುವಾದವು. ಪರೀಕ್ಷೆಯ ವಿಧಾನ ನನ್ನದೇ, ವಿಜ್ಞಾನ ಕಲಿಸುವವಳಲ್ಲವೇ? ಸೀಟಿನ ಮೇಲೆ ತುಂಬಿದ ತಂಬಿಗೆ ಇಡುವುದು, ಅದೇ ರಸ್ತೆಯಲ್ಲಿ ಅಷ್ಟೇ ದೂರ ಹೋಗಿ ಬರುವುದು, ಎಷ್ಟು ನೀರು ಉಳಿಯಿತು ನೋಡುವುದು. ಜೀಪಿನಲ್ಲಿ ನೀರಷ್ಟೇ ಅಲ್ಲ, ತಂಬಿಗೆಯೇ ಉಳಿಯಲಿಲ್ಲ, ಹಾರಿ ತೊಗರಿ ಹೊಲಕ್ಕೆ ಬಿತ್ತು. ಮೂರು ಗಾಲಿಯ ಟಮ್‌ಟಮ್‌ನಲ್ಲಿ ಪರೀಕ್ಷೆ ಮಾಡುವ ದಿನ ನಲ್ಲಿಗೆ ನೀರು ಬಂದಿರಲಿಲ್ಲ. ಭಕ್ತರ ಮನೆಯಿಂದ ನಮ್ಮವರು ತಂದಿದ್ದ ಮಜ್ಜಿಗೆಯನ್ನೇ ತುಂಬಿದೆ. ಅದರ ಗಾಲಿಗಳು ರಬ್ಬರಿನ ಗುಂಡಿಗೆ ನೇತುಬಿದ್ದ ಒಂದೊಂದು ತೋಳಿನ ಮೇಲೆ ನಿಂತಿರುತ್ತವೆ, ಒಂದೊಂದೂ ಒಂದೊಂದು ರಾಗ ಹಾಡುತ್ತದೆ. ಮಜ್ಜಿಗೆ ಅಷ್ಟೂ ಪಕ್ಕದಲ್ಲಿ ಕುಳಿತಿದ್ದ ನಮ್ಮವರ ಮಡಿಧೋತರಕ್ಕೆ ಅಭಿಷೇಕವಾಯಿತು. ಪುಢಾರಿಗಳು ಓಡಾಡುವ ದುಂಡು ಮೂತಿಯ ಬಿಳಿ ಕಾರಿನಲ್ಲಿ ಮುಂದಿನ ಸೀಟಿನ ತಂಬಿಗೆ ಮುಕ್ಕಾಲು ಉಳಿಯಿತು, ಹಿಂದಿನದು ಅರ್ಧ. ಮುಂದಿನ ಗಾಲಿ ವಾಟ್ನಿಯವು, ಹಿಂದೆ ಮತ್ತೆ ಅದೇ ಕೂಡಿದ ಕುಟುಂಬ, ಅದೇ ಪಾಟಾ.

ಅತ್ತೆ ಇದನ್ನೆಲ್ಲ ಅಂಗಳದಲ್ಲಿ ಜೋಳ ಹಸನು ಮಾಡುತ್ತ ನೋಡುತ್ತಿದ್ದರು. "ಮಾಸ್ತರಿಕಿ ಬಿಟ್ಟು ನೀರ ಮಾರಲಿಕ್ಕ ಶುರು ಮಾಡಿ ಏನು?" ಎಂದು ಛೇಡಿಸುತ್ತಿದ್ದರು. ಕೈ ಮಾತ್ರ ಮೊರದಲ್ಲಿ ನಿಂತೇಬಿಡುತ್ತಿತ್ತು.

ಗಂಗಾಳ ಸೋಮವಾರಕ್ಕೆ ಎಂಟು ದಿನ ಇರುವಾಗ ಮುರುಮದ ಒಬ್ಬ ಶ್ರೀಮಂತರ ಹೊಸ ಕಾರು ಗ್ಯಾರೇಜಿಗೆ ಬಂತು. ನಾಲ್ಕೂ ಗಾಲಿ ಬೇರೆ ಬೇರೆ, ನಾಲ್ಕಕ್ಕೂ ಸುರುಳಿ ಸ್ಪ್ರಿಂಗು. ಮಿಸ್ತ್ರಿ ಅದರ ಕೆಳಗಿನಿಂದ ಹೊರಬಂದು, ಮಸೀದಿಯಿಂದ ಬಂದವನಂತೆ ಮೆಲ್ಲಗೆ, "ನಾಕೂ ಮಂದಿ ಬ್ಯಾರೆ ಆಗ್ಯಾರ ಬಾಯಿ, ಆದ್ರೂ ಜಗಳಿಲ್ಲ" ಎಂದ. ತಂಬಿಗೆ ಇಟ್ಟೆವು. ಹೋಗಿ ಬಂದೆವು. ಒಂದು ಹನಿ ಚೆಲ್ಲಿರಲಿಲ್ಲ. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. ಮಾಲೀಕರು ಒಳ್ಳೆಯವರು, ಅಯ್ಯನವರ ಮನೆಯ ಕೆಲಸ ಎಂದ ಕೂಡಲೇ ಒಪ್ಪಿದರು.

ಎರಡು ದಿನ ಕಾಡಿ ಬೇಡಿ ಅತ್ತೆಯನ್ನು ಒಪ್ಪಿಸಿದೆ. ಅವರು ವಿಭೂತಿ ಹಚ್ಚಿಕೊಂಡು, ಲಿಂಗ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಹಿಂದಿನ ಸೀಟಿನಲ್ಲಿ ಕುಳಿತರು. ಕಾರು ಹೊರಟದ್ದೇ ತಿಳಿಯಲಿಲ್ಲ. ಹೆದ್ದಾರಿ ಮುಟ್ಟಿದ ಮೇಲೆ ಅದು ಮೆಲ್ಲಗೆ, ಅಷ್ಟೇ ಅಷ್ಟು, ಅತ್ತಿಂದಿತ್ತ ತೂಗಿತು. ಅತ್ತೆ ಕಣ್ಣು ಬಿಟ್ಟರು. ಆಮೇಲೆ ಬಂದ ದನಿಯನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

"ಏಳ್ರೀ! ಏಳ್ರೀ, ಹೊರಗ ಬರ್ರೀ! ನೆಲಾ ಅಳ್ಳಾಡ್ಲಿಕತ್ತದ!"

ಯಾರನ್ನು ಏಳಿಸುತ್ತಿದ್ದರೆಂದು ಕಾರಿನಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಮಿಸ್ತ್ರಿ ಗಾಡಿ ನಿಲ್ಲಿಸಿದ. ಅತ್ತೆ ಇಳಿದು, ಚಪ್ಪಲಿ ಬಿಟ್ಟು, ಮನೆಯ ಕಡೆ ಓಡುನಡಿಗೆಯಲ್ಲಿ ಹೋದರು.

ನಾನು ಆಗ ಮಾಡಿದ್ದನ್ನು ಬರೆಯದೆ ಬಿಡಬಹುದಿತ್ತು. ಆದರೆ ಬಿಟ್ಟರೆ ಇದೆಲ್ಲ ಸುಳ್ಳಾಗುತ್ತದೆ. ಮನೆಗೆ ಬಂದವಳೇ ಶೆಡ್ಡಿನ ಬಾಗಿಲಲ್ಲಿ ನಿಂತು, "ಮಗಳ ಜೀವಕ್ಕಿಂತ ನಿಮ್ಮ ಅಂಜಿಕೀನೇ ದೊಡ್ಡದಾತೇನ್ರೀ ಅತ್ಯಾ?" ಎಂದುಬಿಟ್ಟೆ. ಮೂರು ಮನೆಗೆ ಕೇಳುವ ಆ ಬಾಯಿ ಸುಮ್ಮನಾದದ್ದು ನೋಡಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಕ್ಷಮೆ ಕೇಳಲು ನಾಲ್ಕು ಸಲ ಶೆಡ್ಡಿಗೆ ಹೋದೆ. ನಾಲ್ಕು ಸಲವೂ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿ ವಾಪಸು ಬಂದೆ.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಎಂದಿನಂತೆ ಮಠಕ್ಕೆ ಹೋದರು. ನಾನೂ ನಮ್ಮವರೂ ದಸ್ತಗೀರನ ಜೀಪು ಹತ್ತಿದೆವು. ನನಗೆ ಶಾಲೆ, ಅವರಿಗೆ ನಿಲಂಗಾದಲ್ಲಿ ಒಂದು ಮನೆಶಾಂತಿ. ಭೂಕಂಪದ ನಂತರದ ಆ ವರ್ಷಗಳಲ್ಲಿ ಎಲ್ಲೆಲ್ಲೂ ಹೊಸ ಮನೆಗಳು ಏಳುತ್ತಿದ್ದವು, ಇವರಿಗೆ ಬಿಡುವೇ ಇರಲಿಲ್ಲ. ಎಂದಿನಂತೆ ಅವರು ಮುಂದೆ, ನಾನು ಅಚ್ಚಿನ ಮೇಲೆ. ಊರು ದಾಟಿ ಎರಡು ಮೂರು ಮೈಲಿ ಹೋದಾಗ ಜೀಪು ಗಕ್ಕನೆ ನಿಂತಿತು. ರಸ್ತೆಯ ಬದಿಯಲ್ಲಿ ತಲೆಯ ಮೇಲೆ ಗಂಟು ಹೊತ್ತ ಒಬ್ಬ ಮುದುಕಿ ಬಿರಬಿರನೆ ನಡೆಯುತ್ತಿದ್ದರು.

ನಾನು ಹದಿನೈದು ಜನರ ಕಾಲು ತುಳಿದು ಕೆಳಗಿಳಿದೆ.

"ಅತ್ಯಾ! ಎಲ್ಲಿಗಿ ಹೊಂಟೀರಿ?"

"ಉದಗೀರಕ್ಕ."

"ನಡಕೋತ?"

"ಮತ್ತೇನು, ಹಾರಕೋತ ಹೋಗ್ಲೇನು?"

"ಎಷ್ಟ ದೂರ ಅದ ಗೊತ್ತದೇನ್ರೀ?"

"ಹಾದ್ಯಾಗ ಮಠ ಅವ, ಭಕ್ತರ ಮನಿ ಅವ. ಮೂರ ದಿನದಾಗ ಮುಟ್ಟತೀನಿ. ಸೋಮವಾರಕ್ಕ ಇನ್ನಾ ನಾಕ ದಿನ ಅದ. ನನಗೂ ಲೆಕ್ಕ ಬರ್ತದ." ಗಂಟಿನಿಂದ ಅಂಟಿನುಂಡಿಯ ತುಪ್ಪದ ವಾಸನೆ ಬರುತ್ತಿತ್ತು. ಬಾಣಂತಿಗೆಂದು ಯಾವಾಗ ಕಟ್ಟಿದ್ದರೋ ದೇವರೇ ಬಲ್ಲ.

ನನಗೆ ಅಳು ತಡೆಯಲಿಲ್ಲ. "ಅವತ್ತ ಹಂಗ ಅನಬಾರದಿತ್ರೀ ನಾ."

"ಏ ಹುಚ್ಚಿ, ಖರೇ ಇತ್ತು. ಅದಕ್ಕೇ ನಟ್ತು," ಎಂದು ಅತ್ತೆ ನಡೆಯುತ್ತಲೇ ಇದ್ದರು.

ಜೀಪು ನಮ್ಮ ಪಕ್ಕದಲ್ಲಿ ಮೆಲ್ಲಗೆ ಉರುಳುತ್ತಿತ್ತು. ಒಳಗಿನವರು ಒಬ್ಬೊಬ್ಬರೂ ಒಂದೊಂದು ಉಪದೇಶ ಕೊಡುತ್ತಿದ್ದರು. ಆಗ ಹಿಂದಿನಿಂದ ಖಾಲಿ ಎತ್ತಿನ ಗಾಡಿಯೊಂದು ಬಂತು. ಗಾಡಿಯವನು ಅತ್ತೆಯನ್ನು ಗುರುತಿಸಿ, "ಗಂಟರ ಇಡ್ರಿ ಅವ್ವಾರ, ಕುತ್ತಗಿ ನೋಯ್ತದ" ಎಂದ. ಅತ್ತೆ ಗಂಟು ಇಟ್ಟರು. ಗಾಡಿಯ ಜೊತೆ ಹತ್ತಿಪ್ಪತ್ತು ಹೆಜ್ಜೆ ನಡೆದರು. ಆಮೇಲೆ, ನಾನು ನೋಡುತ್ತಿದ್ದಂತೆ, ಗಾಡಿಯ ಮುಂದಿನ ಹಲಗೆಗೆ ಕೈ ಕೊಟ್ಟು ಟಣ್ಣನೆ ಹಾರಿ ಗಾಡಿಯವನ ಪಕ್ಕ ಕುಳಿತುಬಿಟ್ಟರು.

ಮೂರು ವರ್ಷದಲ್ಲಿ ಮೊದಲ ಸಲ, ಅದೂ ಪಾಟಾ ಇಲ್ಲದ, ಸ್ಪ್ರಿಂಗ್ ಇಲ್ಲದ, ನನ್ನ ಪರೀಕ್ಷೆಗೆ ಕೂರಲೂ ಯೋಗ್ಯತೆ ಇಲ್ಲದ ಗಾಡಿ. ಎದುರಿಗೆ ಒಂದು ಗುಂಡುಕಲ್ಲು. ಗಾಲಿ ಅದನ್ನು ಹತ್ತಿ ಧಡ್ ಎಂದು ಇಳಿಯಿತು. ಅತ್ತೆ ಗೇಣುದ್ದ ಮೇಲೆದ್ದು ಕೂತರು. ಸೆರಗು ಸರಿಮಾಡಿಕೊಂಡು, "ಎಡಗಡಿ ಹೊಡಿಯೋ, ಮುಂದ ಇನ್ನೊಂದದ" ಎಂದು ಗಾಡಿಯವನಿಗೆ ಹೇಳಿದರು.

ನಾನು ಪಕ್ಕದಲ್ಲಿ ಓಡುತ್ತ ಕೇಳಿದೆ. "ಅಂಜಿಕಿ ಆಗಲಿಲ್ಲೇನ್ರೀ?"

"ಯಾಕ ಆಗ್ಬೇಕು? ಕಲ್ಲ ಕಾಣ್ತು. ಆಮ್ಯಾಲ ಅಳ್ಳಾಡ್ತು." ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡಿದರು. "ಅವತ್ತ ಕಲ್ಲಿಲ್ಲ, ತೆಗ್ಗಿಲ್ಲ. ಸುಮ್ಮ ಮಲಗಿದ್ದಿವಿ ತಂಗಿ. ಯಾಕ ಅಳ್ಳಾಡ್ತು? ನಿಮ್ಮ ಕಾರಿನ್ಯಾಗೂ ಹಂಗೇ. ಎಲ್ಲಾ ಮೆತ್ತಗದ, ಆದ್ರ ಯಾಕ ತೂಗ್ತದ ತಿಳೀಲಿಲ್ಲ ನನಗ."

ನಾನು ರಸ್ತೆಯಲ್ಲೇ ನಿಂತೆ. ಎಂಥ ದಡ್ಡಿ ನಾನು! ವಾರಗಟ್ಟಲೆ ತಂಬಿಗೆಯನ್ನು ಕೇಳಿದೆ, ಅತ್ತೆಯನ್ನು ಕೇಳಲಿಲ್ಲ. ತಂಬಿಗೆಗೆ ಭೂಕಂಪ ಗೊತ್ತಿರಲಿಲ್ಲ. ನಾವು ಗುದ್ದು ತಪ್ಪಿಸುವ ಗಾಡಿ ಹುಡುಕುತ್ತಿದ್ದೆವು. ಅವರಿಗೆ ಬೇಕಾದದ್ದು ಗುದ್ದು ಬರುವ ಮೊದಲು ಕಾಣುವ ಗಾಡಿ. ಗಟ್ಟಿ ಅಚ್ಚಿನ ಜೀಪು ಕಲ್ಲಿಗೆ ಕಲ್ಲು ಎಂದೇ ಹೇಳುತ್ತದೆ, ಸಕ್ಕರೆ ಹಚ್ಚಿ ಹೇಳುವುದಿಲ್ಲ. ಆದರೆ ಅದರಲ್ಲಿ ರಸ್ತೆ ಕಾಣುವುದು ಮುಂದಿನ ಸೀಟಿನಿಂದ ಮಾತ್ರ. ಅಲ್ಲಿ ನಮ್ಮವರು ಕುಳಿತಿದ್ದರು.

"ಮಿಸ್ತ್ರಿ, ಅತ್ತಿಯವರು ಮುಂದ ಕೂಡ್ತಾರ," ಎಂದೆ.

"ಅಯ್ನೋರು?"

"ಹಿಂದ."

"ತೌಬಾ ತೌಬಾ!" ಮಿಸ್ತ್ರಿ ಎರಡೂ ಕಿವಿ ಹಿಡಿದುಕೊಂಡ. "ಪಾಪ ಯಾರ ತಲಿಗಿ ಕಟ್ತೀರಿ ಬಾಯಿ?" ಹಿಂದಿನ ಬೆಂಚಿನ ಗೌಡರೂ, ಅಯ್ಯನವರು ಹಿಂದೆ ಕೂತರೆ ನಾವು ಎಲ್ಲಿ ಕೂಡುವುದು ಎಂದು ಗೊಣಗಿದರು. ಗಾಡಿಯಿಂದ ಇಳಿದ ಅತ್ತೆಯೂ ಹಿಂಜರಿದರು. ಅಯ್ಯನವರ ಹೆಂಡತಿಯಾಗಿ, ಅಯ್ಯನವರ ತಾಯಿಯಾಗಿ, ಜೀವಮಾನವೆಲ್ಲ ಅವರೂ ಹಿಂದೆಯೇ ಕುಳಿತವರು. "ಅಯ್ಯನ ಜಾಗಕ್ಕ ನಾ ಕೂಡ್ಬೇಕಾ? ಬ್ಯಾಡ, ನಡಕೋತೇ ಹೋಗ್ತೀನಿ."

ಎಲ್ಲರೂ ನಮ್ಮವರ ಮುಖ ನೋಡಿದರು. ಅವರು ಇಳಿದು, ಧೋತರ ಎತ್ತಿ ಕಟ್ಟಿ, "ನೀ ಹಡದದ್ದಕ್ಕ ನಾ ಅಯ್ಯ ಆಗೀನವ್ವಾ. ಕುಂದುರು," ಎಂದು ಹಿಂದಕ್ಕೆ ಬಂದು ನನ್ನ ಪಕ್ಕ ಕುಳಿತರು. ಮದುವೆಯಾದ ಮೇಲೆ ಗಾಡಿಯಲ್ಲಿ ನಾವಿಬ್ಬರು ಪಕ್ಕಪಕ್ಕ ಕುಳಿತದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಜೀಪು ಹೊರಟಿತು. ಅತ್ತೆ ಎದುರಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ರಸ್ತೆಯ ಮೇಲೆ ಕಣ್ಣು ನೆಟ್ಟರು. ಮುಖ ಬಿಳುಪೇರಿತ್ತು. ಮೊದಲ ತೆಗ್ಗಿಗೆ ಪಿಸುಗುಟ್ಟಿದರು: "ತೆಗ್ಗ ಬಂತು." ಧಡ್. "ಹೋತು." ಎರಡನೆಯದಕ್ಕೆ ದನಿ ಸ್ವಲ್ಪ ಏರಿತು. ನಾಲ್ಕನೆಯದರ ಹೊತ್ತಿಗೆ ಹಳೆಯ ಗಂಟಲು ಪೂರ್ತಿ ತೆರೆದಿತ್ತು.

"ಬಲಗಡಿ ಕಲ್ಲ! ಗಟ್ಟಿ ಹಿಡೀರಿ!... ಹೋತು. ಮುಂದ ಮೋರಿ! ಬರ್ಲಿಕತ್ತದ, ಬರ್ಲಿಕತ್ತದ... ಹೋತು!"

ಹಿಂದಿನವರಿಗೆಲ್ಲ ಇದು ವರದಾನವಾಯಿತು. ಅತ್ತೆ ಕೂಗಿದ ಕೂಡಲೇ ಹದಿನಾರು ಜನರೂ ಒಟ್ಟಿಗೆ ಕಂಬಿ ಹಿಡಿಯುವುದು, ಒಟ್ಟಿಗೆ ಹಾರುವುದು, ಒಟ್ಟಿಗೆ ಇಳಿಯುವುದು. ಗೌಡರು, "ದಿನಾ ಅವ್ವಾರ್ನೇ ಮುಂದ ಕುಂದ್ರಸ್ರಿ ಮಿಸ್ತ್ರಿ" ಎಂದರು. ನಮ್ಮವರಿಗೆ ಮಾತ್ರ ಅಭ್ಯಾಸವಿರಲಿಲ್ಲ. ಎಲ್ಲರೂ ಇಳಿದಾಗ ಅವರು ಏರುತ್ತಿದ್ದರು. ಮೂರು ಸಲ ತಲೆ ಮೇಲಿನ ಕಂಬಿಗೆ ಬಡಿಯಿತು.

"ನೀ ದಿನಾ ಇಲ್ಲೇ ಕೂಡ್ತೇನು?" ಎಂದು ಕೇಳಿದರು.

"ಆರು ವರ್ಷ ಆತ್ರಿ." ಇನ್ನೂ ಎಂಟು ವರ್ಷ ಬಾಕಿ ಇದೆ ಎಂದು ಆಗ ಗೊತ್ತಿರಲಿಲ್ಲ.

ನಿಲಂಗಾದಲ್ಲಿ ಇಳಿಯುವಾಗ ಅವರು ನಡದ ಮೇಲೆ ಕೈ ಇಟ್ಟುಕೊಂಡೇ ಇಳಿದರು. ಮರುದಿನದಿಂದ ಮುಂದಿನ ಸೀಟು ನನ್ನದಾಯಿತು ಎಂದು ಬರೆದರೆ ನೀವು ನಂಬುವುದಿಲ್ಲ, ಆಗಲೂ ಇಲ್ಲ. ಆದರೆ ನನ್ನ ಬೆಂಚಿನ ತುದಿಗೆ ಒಂದು ಮಡಚಿದ ಕೌದಿ ಬಂತು. ತಂದಿಟ್ಟವರು ಯಾರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನಿಲಂಗಾದಲ್ಲಿ ಎಲ್ಲರೂ ಇಳಿದರು. ಶಾಲೆಗೆ ರಜೆಚೀಟಿ ಕಳಿಸಿ ನಾನೂ ಮಿಸ್ತ್ರಿಯೂ ಅತ್ತೆಯನ್ನು ಉದಗೀರಕ್ಕೆ ಕರೆದೊಯ್ದೆವು. ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು. ಗಂಗಾ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ತಾಯಿ ಜೀಪಿನಿಂದ ಇಳಿಯುವುದನ್ನು ನೋಡಿ ಅವಳು ಹೊಸ್ತಿಲ ಮೇಲೆ ಕುಸಿದು ಕುಳಿತಳು. ಅತ್ತೆ, "ಎದ್ದೇಳು, ಹೊಸ್ತಿಲ ಮ್ಯಾಲ ಬಸುರಿ ಕೂಡಬಾರದು" ಎಂದು ಗದರಿದರು.

ಎರಡು ದಿನದ ಮೇಲೆ ಮಧ್ಯಾಹ್ನ ಬೇನೆ ಶುರುವಾಯಿತು. ದವಾಖಾನೆ ಹತ್ತಿರವೇ ಇತ್ತು. ಒಳಗೆ ಒಬ್ಬರನ್ನೇ ಬಿಟ್ಟರು, ಅತ್ತೆ ಹೋದರು. ನಾನು ಬಾಗಿಲ ಹೊರಗೆ ನಿಂತೆ. ಗಂಗಾಳ ಚೀರಾಟ ಕೇಳಿಸುತ್ತಿತ್ತು. "ಅವ್ವಾ, ನನಗ ಆಗಂಗಿಲ್ಲ. ಅಂಜಿಕಿ ಬರ್ಲಿಕತ್ತದವ್ವಾ, ಮೈಯೆಲ್ಲ ನಡುಗ್ಲಿಕತ್ತದ." ಆಮೇಲೆ ಅತ್ತೆಯ ದನಿ ಬಂತು. ಕಟ್ಟಿದ ಗಂಟಲು, ಆದರೆ ಒಂದಿಷ್ಟೂ ನಡುಕವಿಲ್ಲ.

"ನನ್ನ ಮಾರಿ ನೋಡು. ಕಣ್ಣ ಮುಚ್ಚಬ್ಯಾಡ. ಬರ್ಲಿಕತ್ತದ... ಬರ್ಲಿಕತ್ತದ... ಬಂತು, ಗಟ್ಟಿ ಹಿಡಿ! ಹೋತು. ಹೋತು ನೋಡು. ಉಸರ ಬಿಡು. ಇನ್ನೊಂದು ಬರ್ತದ, ಬರೋದಕ್ಕಿಂತ ಮೊದ್ಲ ನಾ ಹೇಳ್ತೀನಿ ನಿನಗ."

ಹೊರಗೆ ನಿಂತ ನಾನೂ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.